ಕಿವಿಗೆ ತಕ್ಕ ದನಿ

ಈ ಮಾತುಗಳನ್ನು ಆಲಿಸುತ್ತಿರುವವರಲ್ಲಿ ಕೆಲವರಾದರೂ ಈಗತಾನೆ ರೇಡಿಯೋದ ಗುಂಡಿಯನ್ನು ತಿರುಗಿಸಿ ದನಿಯನ್ನು ಏರಿಸಿಕೊಂಡಿರಬಹುದು. ಏರಿಸಿಕೊಂಡ ಮೇಲೂ “ಮಾತು ಕೇಳುತ್ತದೆ, ತಿಳಿಯುವುದಿಲ್ಲ” ಎಂದು ಕೊರಗುವವರಿದ್ದಾರೆ. ಕಿವುಡು ಎಂದರೆ ದನಿ ತಗ್ಗುವುದು, ಶ್ರವಣಯಂತ್ರವೆಂದರೆ ಅದನ್ನು ಹೆಚ್ಚಿಸುವುದು ಎಂಬ ನಮ್ಮ ತಿಳಿವಳಿಕೆ ಅರ್ಧಸತ್ಯ. ಈ ಅರ್ಧಸತ್ಯವನ್ನು ನಂಬಿದ್ದರಿಂದಲೇ ಎಷ್ಟೋ ಯಂತ್ರಗಳು ಕಿವಿಯನ್ನು ಬಿಟ್ಟು ಮೇಜಿನ ಖಾನೆಯನ್ನು ಸೇರಿವೆ.

ಸ್ವರಗಳು ಸ್ವತಂತ್ರ, ವ್ಯಂಜನಗಳು ಸ್ವರದ ನೆರವಿಲ್ಲದೆ ನಿಲ್ಲಲಾರವು ಎಂದು ನಾನು ತರಗತಿಯಲ್ಲಿ ಪಾಠ ಹೇಳುತ್ತಿದ್ದೆ. ಕಿವಿಯ ಲೆಕ್ಕದಲ್ಲಿಯೂ ವ್ಯಂಜನ ದುರ್ಬಲವೇ. ಮಾತಿನ ತುಂಬುದನಿ ಸ್ವರಗಳದು. ಅವುಗಳ ಬಲ ಬಹುಮಟ್ಟಿಗೆ ಕೆಳಗಿನ ಕಂಪನಗಳಲ್ಲಿದೆ. ಸಕಾರ, ಶಕಾರ, ತಕಾರ ಮೊದಲಾದವುಗಳ ಗುರುತಾದರೋ ಹೆಚ್ಚಾಗಿ ಸೆಕೆಂಡಿಗೆ 2,000ಕ್ಕೂ ಮೇಲ್ಪಟ್ಟ ಕ್ಷೀಣ ಕಂಪನಗಳಲ್ಲಿರುತ್ತದೆ. ವಯಸ್ಸಾದ ಕಿವಿ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಈ ಮೇಲಿನವುಗಳನ್ನೇ. ಆಗ ಸಾಲು, ಹಾಲು, ಕಾಲು ಎಲ್ಲವೂ ‘ಆಲು’ ಎಂದೇ ಕೇಳಿಸುತ್ತವೆ. ಇಂಥವರ ಮುಂದೆ ಕೂಗಿದರೆ ಸ್ವರ ಬೆಳೆಯುತ್ತದೆಯೇ ಹೊರತು ವ್ಯಂಜನ ಅಷ್ಟಾಗಿ ಬೆಳೆಯುವುದಿಲ್ಲ.

ಆದುದರಿಂದ ಮೊದಲು ಶ್ರವಣತಜ್ಞರು 250ರಿಂದ 8,000 ಹರ್ಟ್ಸ್‌ವರೆಗೆ ಒಂದೊಂದು ಶ್ರುತಿಯಲ್ಲಿಯೂ ಕಿವಿಯನ್ನು ಪರೀಕ್ಷಿಸಿ ನಕ್ಷೆ ಬರೆಯುತ್ತಾರೆ. ಕೆಲವರ ರೇಖೆ ಸಮತಟ್ಟು, ಮುಪ್ಪಿನವರದು ಇಳಿಜಾರು, ಗದ್ದಲದ ಕಾರ್ಖಾನೆಗಳಲ್ಲಿ ದುಡಿದವರದು 4,000ದ ಸುತ್ತ ಹಳ್ಳ ಬಿದ್ದಂತೆ.

ಗುಗ್ಗೆ, ಕಿವಿತಮಟೆಯ ತೂತು, ಒಳಗಿನ ಪುಟ್ಟ ಮೂಳೆಗಳ ಬಿಗಿತ, ಇವುಗಳಿಂದ ಬರುವ ಕಿವುಡಿನಲ್ಲಿ ದನಿಯ ದಾರಿ ಮಾತ್ರ ಕಟ್ಟಿರುತ್ತದೆ. ಎಷ್ಟೋ ವೇಳೆ ಚಿಕಿತ್ಸೆಯಿಂದಲೇ ವಾಸಿಯಾಗುವ ತೊಂದರೆ ಇದು. ವೈದ್ಯರನ್ನು ಕಾಣದೆ ಯಂತ್ರ ಕೊಳ್ಳಬಾರದು. ಯಂತ್ರವೇ ಬೇಕಾದರೆ ದನಿಯನ್ನು ಧಾರಾಳವಾಗಿ ಏರಿಸಬಹುದು. ಕಿವಿ ಸೋರುತ್ತಿದ್ದರೆ ಮೂಳೆಯ ಮೂಲಕ ದನಿಯನ್ನು ಮುಟ್ಟಿಸುವ ಬೇರೆ ಬಗೆಯ ಯಂತ್ರವುಂಟು.

ಒಳಗಿವಿಯ ರೋಮಕೋಶಗಳು ನಶಿಸಿದವರ ಕಷ್ಟ ಬೇರೆ. ಮೊಮ್ಮಗ “ತಾತಾ” ಎಂದು ಮೆಲ್ಲಗೆ ಕರೆದರೆ ಕೇಳದು, ಜೋರಾಗಿ ಕರೆದರೆ “ಯಾಕಪ್ಪ ಕಿರುಚುತ್ತೀಯ?” ಎಂಬ ಸಿಡುಕು. ಇದು ಮುಪ್ಪಿನ ಮುಂಗೋಪವಲ್ಲ. ಕೇಳುವ ದನಿಗೂ ಸಹಿಸಲಾರದ ದನಿಗೂ ನಡುವಣ ಅಂತರವೇ ಇವರಲ್ಲಿ ಕಿರಿದಾಗಿರುತ್ತದೆ. ಇವರ ಯಂತ್ರ ಪಿಸುಮಾತನ್ನು ಬಹಳ ಎತ್ತಬೇಕು, ಸಾಧಾರಣ ಮಾತನ್ನು ಅಷ್ಟಿಷ್ಟು, ಗಟ್ಟಿದನಿಯನ್ನು ಅತ್ಯಲ್ಪ. ಇಳಿಜಾರು ನಕ್ಷೆಯವರಿಗೆ ಮೇಲಿನ ಕಂಪನಗಳನ್ನಷ್ಟೇ ಏರಿಸಬೇಕು. ಕೆಳಗಿನವನ್ನೂ ಏರಿಸಿದರೆ ಫ್ಯಾನಿನ ಮೊರೆತವೇ ಮಾತನ್ನು ನುಂಗುತ್ತದೆ. ಎರಡೂ ಬಗೆಯ ದೋಷ ಕೂಡಿದ್ದರೆ ಎರಡು ಲೆಕ್ಕವನ್ನೂ ಸರಿದೂಗಿಸಬೇಕು.

ನಷ್ಟವಾದಷ್ಟನ್ನೂ ತುಂಬಿಕೊಡುವುದು ಸಲ್ಲದು. 60 ಡೆಸಿಬೆಲ್ ನಷ್ಟಕ್ಕೆ ಸುಮಾರು 30ರಷ್ಟು ಏರಿಕೆ ಸಾಕೆಂಬ ಅರ್ಧದ ಸೂತ್ರವನ್ನು ಅಮೆರಿಕದ ಸ್ಯಾಮ್ಯುಯೆಲ್ ಲೈಬಾರ್ಗರ್ 1944ರಲ್ಲಿಯೇ ಹೇಳಿದರು. ಇಂದಿನ ಕಂಪ್ಯೂಟರ್ ಲೆಕ್ಕಗಳು ಇನ್ನೂ ಸೂಕ್ಷ್ಮ. ಆದರೂ ಅವು ಕೊಡುವುದು ಆರಂಭದ ಅಂದಾಜನ್ನು ಮಾತ್ರ. ಉಳಿದದ್ದನ್ನು ಯಂತ್ರ ಧರಿಸಿದವರೇ ಹೇಳಬೇಕು. ತಮ್ಮ ದನಿ ಕೊಡದೊಳಗಿಂದ ಬಂದಂತಿದ್ದರೆ ಕೆಳಗಿನ ಕಂಪನಗಳನ್ನು ಇಳಿಸಬಹುದು, ಇಲ್ಲವೆ ಕಿವಿಯ ಅಚ್ಚಿನ ಗಾಳಿರಂಧ್ರವನ್ನು ಹಿಗ್ಗಿಸಬಹುದು. ಪಾತ್ರೆಯ ಸದ್ದು ಇರಿದರೆ ಗಟ್ಟಿದನಿಯ ಮಿತಿಯನ್ನು ತಗ್ಗಿಸಬೇಕು. ಯಂತ್ರ ಸಿಳ್ಳೆ ಹಾಕಿದರೆ ಅಚ್ಚು ಸಡಿಲವೋ ಗುಗ್ಗೆ ತುಂಬಿದೆಯೋ ನೋಡಬೇಕು. ಸಂಗೀತಪ್ರಿಯರು ಕಚೇರಿಗೆಂದೇ ಬೇರೊಂದು ಹೊಂದಾಣಿಕೆಯನ್ನು ಕೇಳಿ ಪಡೆಯುವುದು ಲೇಸು. ಗದ್ದಲವನ್ನು ಅಡಗಿಸುವ ಯಂತ್ರ ತಂಬೂರಿಯ ಶ್ರುತಿಯನ್ನೂ ಗದ್ದಲವೆಂದೇ ಬಗೆದು ತಗ್ಗಿಸಬಹುದು.

ಬಹುಕಾಲ ಮರೆತಿದ್ದ ಸದ್ದುಗಳಿಗೆ ಮಿದುಳು ಮತ್ತೆ ಒಗ್ಗಲು ವಾರಗಟ್ಟಲೆ ಬೇಕು. ದಿನವೂ ಧರಿಸಿ, ಎಲ್ಲಿ ಯಾರ ಮಾತು ತಿಳಿಯಲಿಲ್ಲವೆಂದು ಚೀಟಿಯಲ್ಲಿ ಬರೆದಿಟ್ಟು, ತಜ್ಞರ ಬಳಿಗೆ ಎರಡು ಮೂರು ಸಲ ಹೋಗಬೇಕು. 1965ರಲ್ಲಿ ಸ್ಥಾಪನೆಯಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಈ ವಿದ್ಯೆಗೆಂದೇ ಇದೆ. ಅಲ್ಲಿ ಕಲಿತವರು ಅನೇಕ ಊರುಗಳಲ್ಲಿದ್ದಾರೆ.

ಕಿವಿ ಮಂದವಾದವರು ಮೊದಲು ಸಭೆಯನ್ನು ಬಿಡುತ್ತಾರೆ, ಆಮೇಲೆ ಜಗುಲಿಯ ಹರಟೆಯನ್ನು, ಕೊನೆಗೆ ಊಟದ ಹೊತ್ತಿನ ಮಾತನ್ನೂ. ನಿಮ್ಮ ಮನೆಯಲ್ಲಿ ಖಾನೆ ಸೇರಿದ ಯಂತ್ರವೊಂದಿದ್ದರೆ ಅದನ್ನು ಹೊರತೆಗೆದು ಹಿರಿಯರೊಡನೆ ಮತ್ತೊಮ್ಮೆ ತಜ್ಞರಲ್ಲಿಗೆ ಹೋಗಿಬನ್ನಿ. ಅಲ್ಲಿಯತನಕ ಅವರ ಎದುರಿಗೆ ಕುಳಿತು, ಮುಖ ಕಾಣುವಂತೆ, ಕೂಗದೆ, ನಿಧಾನವಾಗಿ ಮಾತನಾಡಿ.