ನಗಿಸಿದವನ ಸಾಲ

(ಹಾಸ್ಟೆಲ್ ಗೆಳೆಯರ ಸಂಜೆಕೂಟದಲ್ಲಿ ಆಡಿದ ಮಾತು)



ನೊಂದವರ ಹಾಡು ಅಂದರೆ ಅದರಲ್ಲಿ ಕಣ್ಣೀರಿರಬೇಕು, ಇಲ್ಲವೆ ಕೆಂಡವಿರಬೇಕು ಅಂತ ನಾವು ಬಹಳ ದಿನ ನಂಬಿದ್ದೆವು. ಅಮೆರಿಕದ ಕಪ್ಪುಜನರ ಸಂಗೀತ ಕೇಳಲು ಕೂತಾಗಲೂ ಹತ್ತಿಹೊಲದ ಗೋಳು, ಸರಪಳಿಯ ಸದ್ದು ಇಷ್ಟನ್ನೇ ಹುಡುಕಿದೆವು. ಕಳೆದ ತಿಂಗಳು ನಮ್ಮ ರೂಮಿನಲ್ಲಿ ಒಬ್ಬನ ಮೊಬೈಲಿನಿಂದ ಲೂಯಿ ಜೋರ್ಡನ್ ಹಾಡತೊಡಗಿದ. ಮಾತು ಅರ್ಧಂಬರ್ಧ ತಿಳಿಯಿತು, ಅಷ್ಟೆ. ಆದರೂ ಹತ್ತು ನಿಮಿಷದಲ್ಲಿ ನಾವೆಲ್ಲ ಮಂಚ ಬಿಟ್ಟು ಎದ್ದಿದ್ದೆವು. ತಟ್ಟೆ ಬಡಿದೆವು, ಕುಣಿದೆವು, ಬಿದ್ದು ಬಿದ್ದು ನಕ್ಕೆವು. ಆಮೇಲೆ ನಮಗೇ ಒಂದು ಅಳುಕು: ಇಷ್ಟು ನಗಿಸುವವನು ನೊಂದವರ ಕವಿ ಹೇಗಾದಾನು? ಇವತ್ತಿನ ಮಾತು ಆ ಅಳುಕಿನಿಂದ ಹುಟ್ಟಿದ್ದು.

ಜೋರ್ಡನ್ ಹುಟ್ಟಿದ್ದು 1908ರಲ್ಲಿ, ಆರ್ಕನ್ಸಾ ರಾಜ್ಯದ ಬ್ರಿಂಕ್ಲಿ ಎಂಬ ಸಣ್ಣ ಊರಲ್ಲಿ. ಅಪ್ಪ ಸಂಗೀತದ ಮೇಷ್ಟ್ರು. ಊರೂರು ತಿರುಗುವ ‘ರ‍್ಯಾಬಿಟ್ ಫುಟ್ ಮಿನ್‌ಸ್ಟ್ರೆಲ್ಸ್’ ಮೇಳದ ಬ್ಯಾಂಡ್ ನಡೆಸಿದವರು. ಮಗನಿಗೆ ಅಪ್ಪನೇ ಗುರು. ಅದೇ ಮೇಳದಲ್ಲಿ ಮಗನೂ ನುಡಿಸಿದ. 1936ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಚಿಕ್ ವೆಬ್ ಅವರ ದೊಡ್ಡ ತಂಡ ಸೇರಿ ಸ್ಯಾಕ್ಸೊಫೋನ್ ಹಿಡಿದ. ಎಲಾ ಫಿಟ್ಸ್‌ಜೆರಾಲ್ಡ್ ಆಗ ಹಾಡುತ್ತಿದ್ದದ್ದೂ ಅದೇ ತಂಡದಲ್ಲಿ. 1938ರಲ್ಲಿ ಹೊರಬಂದು ತನ್ನದೇ ತಂಡ ಕಟ್ಟಿದ. ಡ್ರಮ್ಮಿನವನ ಬಳಿ ನಗಾರಿಯಂಥ ಟಿಂಪನಿ ಇತ್ತು. ಅದರಿಂದ ತಂಡಕ್ಕೆ ‘ಟಿಂಪನಿ ಫೈವ್’ ಅಂತ ಹೆಸರು. ಹೆಸರಲ್ಲಿ ಐದು, ವೇದಿಕೆ ಮೇಲೆ ಎಷ್ಟೋ ಸಲ ಆರೇಳು ಜನ!

ಆಗ ಹದಿನೈದು ಜನರ ದೊಡ್ಡ ಬ್ಯಾಂಡುಗಳ ಕಾಲ. ಎರಡನೇ ಮಹಾಯುದ್ಧ ಬಂದದ್ದೇ ಪೆಟ್ರೋಲಿಗೆ ರೇಷನ್, ಟೈರಿಗೆ ರೇಷನ್. ರೆಕಾರ್ಡು ಒತ್ತುವ ಅರಗಿಗೂ ರೇಷನ್. ಆ ಅರಗು ಬಹುಪಾಲು ಹೋಗುತ್ತಿದ್ದದ್ದು ಇಂಡಿಯಾದಿಂದ. ದೊಡ್ಡ ಬ್ಯಾಂಡುಗಳನ್ನು ಸಾಕುವುದು ಕಷ್ಟವಾಯಿತು. ಜೋರ್ಡನ್ ಕೆಲವೇ ಜನರಿಂದ ಅಷ್ಟೇ ಸದ್ದು ತೆಗೆದು ತೋರಿಸಿದ.

ಹೇಗೆ ಅಂತೀರಾ? ನಾಲ್ಕು ಪೆಟ್ಟಿನ ತಾಳ. ಪ್ರತಿ ಪೆಟ್ಟನ್ನೂ ಒಂದು ಉದ್ದ, ಒಂದು ಗಿಡ್ಡ ಅಂತ ಸೀಳುವುದು. ಅದನ್ನು ಷಫಲ್ ಅಂತಾರೆ. ಕಿವಿಗಿಂತ ಮುಂಚೆ ಕಾಲಿಗೆ ತಿಳಿಯುತ್ತದೆ. ಪಿಯಾನೊ ನುಡಿಸುವವನ ಎಡಗೈ ರೈಲಿನ ಹಾಗೆ ಒಂದೇ ಸಮ ಓಡುತ್ತಿರುತ್ತದೆ. ಜೋರ್ಡನ್ ಒಂದು ಸಾಲು ಹೇಳುತ್ತಾನೆ, ವಾದ್ಯಗಳು ಮಾರುತ್ತರ ಕೊಡುತ್ತವೆ. ಅವನದು ಅರ್ಧ ಹಾಡು, ಅರ್ಧ ಮಾತು. ಬ್ಲೂಸ್ ಎಂಬ ದುಃಖದ ಅಚ್ಚಿನಲ್ಲೇ ನಗು ಎರಕ ಹೊಯ್ದ. ಇದಕ್ಕೆ ಜಂಪ್ ಬ್ಲೂಸ್ ಅಂತ ಹೆಸರು ಬಂತು. ಕೇಳುವಾಗ ಎಲ್ಲ ಆಗಲೇ ಹೊಳೆದದ್ದು ಅನ್ನಿಸುತ್ತದೆ. ಆದರೆ ತಾಲೀಮಿನಲ್ಲಿ ಆತ ಭಾರೀ ಕಟ್ಟುನಿಟ್ಟು.

ಈಗ ಹಾಡುಗಳಿಗೆ ಬರೋಣ. 1946ರ ಒಂದು ಹಾಡು ಕೋಳಿಗಳದ್ದು. ಕೋಳಿಗೂಡಿನಲ್ಲಿ ಸದ್ದಾಯಿತು ಅಂತ ರೈತ ಬರುತ್ತಾನೆ; ಒಳಗಿಂದ ಉತ್ತರ, ಇಲ್ಲಿ ಕೋಳಿಗಳಲ್ಲದೆ ಯಾರೂ ಇಲ್ಲ ಅಂತ. ಇದು ಬಿಳಿಯರ ಹಳೇ ನಗೆಹನಿ. ಅದರಲ್ಲಿ ಒಳಗಿದ್ದು ಉತ್ತರ ಕೊಡುವವನು ಕಪ್ಪು ಕಳ್ಳ. ಹಾಡು ಬರೆದವರು ಬೇರೆಯವರು. ಆದರೆ ಜೋರ್ಡನ್ನನ ಬಾಯಲ್ಲಿ ಕಳ್ಳನೇ ಮಾಯ! ನಮಗೆ ನಾಳೆ ಕೆಲಸವಿದೆ, ಮಲಗಲು ಬಿಡು ಅಂತ ಕೋಳಿಯೇ ಯಜಮಾನನನ್ನು ಗದರಿಸುತ್ತದೆ. ದುಡಿದು ದಣಿದವರು ಇದನ್ನು ಕೇಳಿ ಯಾಕೆ ಅಷ್ಟು ನಕ್ಕರು ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

1949ರ ‘ಸ್ಯಾಟರ್ಡೇ ನೈಟ್ ಫಿಶ್ ಫ್ರೈ’ ಐದು ನಿಮಿಷಕ್ಕೂ ಉದ್ದ. ಒಂದೇ ಮಗ್ಗುಲಲ್ಲಿ ಹಿಡಿಯದೆ ರೆಕಾರ್ಡಿನ ಎರಡೂ ಮಗ್ಗುಲಿಗೆ ಹಂಚಿದರು. ನ್ಯೂ ಆರ್ಲಿಯನ್ಸಿನ ಒಂದು ಮನೆಯಲ್ಲಿ ಶನಿವಾರ ರಾತ್ರಿ ಮೀನು ಹುರಿದು ಕುಣಿಯುವ ಕೂಟ. ಬಂದವರೆಲ್ಲ ಕಾಸು ಕೊಡಬೇಕು. ಅಡುಗೆಯವನಿಗೆ, ಸಪ್ಲೈಯರಿಗೆ, ಒಳ್ಳೆಯ ವಾದ್ಯಗಾರನಿಗೆ ಮಾತ್ರ ಪುಕ್ಕಟೆ. ನೋಡಿ, ವಾರವೆಲ್ಲ ಬೇರೆಯವರಿಗೆ ಬಡಿಸಿದವನಿಗೆ ಇಲ್ಲಿ ಮರ್ಯಾದೆ! ಕುಣಿತ ಏರುತ್ತಿದ್ದಂತೆ ಪೊಲೀಸರು ನುಗ್ಗುತ್ತಾರೆ, ಕೈಗೆ ಸಿಕ್ಕವರನ್ನೆಲ್ಲ ವ್ಯಾನಿಗೆ ತುಂಬುತ್ತಾರೆ. ಹಾಡು ಅಲ್ಲೂ ಅಳುವುದಿಲ್ಲ. ತಾಳ ತಪ್ಪದೆ ಎಲ್ಲವನ್ನೂ ಸಾಕ್ಷಿಯ ಹಾಗೆ ಹೇಳಿ ಮುಗಿಸುತ್ತದೆ.

ಅಮೆರಿಕದ ‘ಬಿಲ್‌ಬೋರ್ಡ್’ ಪತ್ರಿಕೆ 1942ರಿಂದ ಕಪ್ಪುಜನರ ಹಾಡುಗಳಿಗೆ ಬೇರೆ ಪಟ್ಟಿ ಇಟ್ಟಿತ್ತು. ಮೊದಲು ಹಾರ್ಲೆಮ್ ಹೆಸರು, 1945ರಲ್ಲಿ ‘ರೇಸ್’ ರೆಕಾರ್ಡು, 1949ರಲ್ಲಿ ‘ರಿದಂ ಅಂಡ್ ಬ್ಲೂಸ್’. ಹೆಸರು ಬದಲಾಯಿತು, ಬೇರೆ ಪಂಕ್ತಿ ಹಾಗೇ ಉಳಿಯಿತು. ಆ ಪಟ್ಟಿಯಲ್ಲಿ ಜೋರ್ಡನ್ನನ 18 ಹಾಡು ಮೊದಲನೇ ಜಾಗಕ್ಕೆ ಬಂದವು. ಒಟ್ಟು 113 ವಾರ ಅಲ್ಲಿ ಕೂತವು. ಕಾಸು ಹಾಕಿದರೆ ಹಾಡುವ ಪೆಟ್ಟಿಗೆ ಜೂಕ್‌ಬಾಕ್ಸ್. ಜನ ಅವನನ್ನು ಅದರ ರಾಜ ಅಂದರು. 1944ರಲ್ಲಿ ಅವನ ‘ಜಿ.ಐ. ಜೈವ್’ ಬಿಳಿಯರೂ ಕೊಳ್ಳುತ್ತಿದ್ದ ಪಾಪ್ ಪಟ್ಟಿಯಲ್ಲೂ ಮೊದಲನೆಯದಾಯಿತು.

ಆಮೇಲೇನಾಯಿತು? 1954ರಲ್ಲಿ ಡೆಕ್ಕಾ ಕಂಪನಿಯ ಜೊತೆ ಅವನ ಸಂಬಂಧ ಮುಗಿಯಿತು. ಅದೇ ವರ್ಷ, ಅದೇ ಕಂಪನಿಯಲ್ಲಿ, ಅವನ ರೆಕಾರ್ಡುಗಳನ್ನು ಮಾಡಿಸಿದ್ದ ಮಿಲ್ಟ್ ಗೇಬ್ಲರ್ ಅವರೇ ಬಿಲ್ ಹೇಲಿ ಎಂಬ ಬಿಳಿ ಗಾಯಕನಿಂದ ‘ರಾಕ್ ಅರೌಂಡ್ ದ ಕ್ಲಾಕ್’ ಹಾಡಿಸಿದರು. ಜೋರ್ಡನ್ ಜೊತೆ ಕಲಿತ ಪಟ್ಟುಗಳನ್ನೇ ಹೇಲಿಗೂ ಬಳಸಿದೆ ಅಂತ ಗೇಬ್ಲರ್ ಆಮೇಲೆ ಒಪ್ಪಿಕೊಂಡರು. ಲೋಕ ಅದನ್ನು ರಾಕ್ ಅಂಡ್ ರೋಲ್ ಅಂತ ಕರೆದು, ಹೊಸದು ಹುಟ್ಟಿತು ಅಂತ ಕುಣಿಯಿತು! ಚಕ್ ಬೆರ‍್ರಿಯ 1958ರ ‘ಜಾನಿ ಬಿ. ಗುಡ್’ ಹಾಡಿನ ಗಿಟಾರ್ ಮೊದಲು ಕೇಳಿ. ಆಮೇಲೆ 1946ರಲ್ಲಿ ಜೋರ್ಡನ್ನನ ಗಿಟಾರಿಗ ಕಾರ್ಲ್ ಹೋಗನ್ ನುಡಿಸಿದ ‘ಏಂಟ್ ದಟ್ ಜಸ್ಟ್ ಲೈಕ್ ಎ ವುಮನ್’ ಹಾಡಿನ ಆರಂಭ ಕೇಳಿ. ತಾಯಿ-ಮಗುವಿನ ಮುಖ. ಬೆರ‍್ರಿ ಆ ಸಾಲವನ್ನು ಬಾಯಿಬಿಟ್ಟು ಹೇಳಿದವನು. ಬಿ.ಬಿ. ಕಿಂಗ್ 1999ರಲ್ಲಿ ಇಡೀ ಒಂದು ಆಲ್ಬಮ್ಮನ್ನೇ ಜೋರ್ಡನ್ನನ ಹಾಡುಗಳಿಗೆ ಮೀಸಲಿಟ್ಟ. ಜೋರ್ಡನ್ 1975ರಲ್ಲೇ ಲಾಸ್ ಏಂಜಲಿಸಿನಲ್ಲಿ ತೀರಿಕೊಂಡಿದ್ದ. ರಾಕ್ ಅಂಡ್ ರೋಲಿನ ಗೌರವ ಪಟ್ಟಿಗೆ ಅವನ ಹೆಸರು ಸೇರಿದ್ದೂ ಸತ್ತ ಮೇಲೆ, 1987ರಲ್ಲಿ.

ನಾವು ಹೊಗಳಿಕೆ ಭಟ್ಟರಾಗಬಾರದು. ಅವನ ಹಲವು ಹಾಡುಗಳಲ್ಲಿ ನಗೆಗೆ ಗುರಿ ಹೆಂಗಸು. ಅಲ್ಲಿ ನಮ್ಮ ಅಕ್ಕತಂಗಿಯರು ನಗದಿದ್ದರೆ ಅದು ಅವರ ತಪ್ಪಲ್ಲ. ಇನ್ನು, ಕಣ್ಣರಳಿಸಿ ಮೈಕುಣಿಸಿ ಬಿಳಿಯರೆದುರು ಕೋಡಂಗಿಯಾದನಲ್ಲ ಅಂತ ನಮ್ಮಲ್ಲೇ ಒಬ್ಬ ಜಗಳ ತೆಗೆದ. ಈ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ನಾವು ಮತ್ತೆ ಕೇಳಿದಾಗ ಗೊತ್ತಾದದ್ದಿಷ್ಟು: ಅವನು ಹಾಡುತ್ತಿರುವುದು ಅಡುಗೆಮನೆಯವರಿಗೆ, ಕೆಲಸ ಹುಡುಕುವ ಸಿಪಾಯಿಗೆ, ಬಾಡಿಗೆ ಕಟ್ಟಲಾಗದವನಿಗೆ. ಅವರ ಮಾತಲ್ಲೇ ಹಾಡುತ್ತಾನೆ, ಅವರ ಬದುಕನ್ನು ಬೇರೆಯವರಿಗೆ ಅರ್ಥ ಹೇಳಿಕೊಡುವ ಗೋಜಿಗೇ ಹೋಗುವುದಿಲ್ಲ. ಗೋಳಾಡಿದರೆ ಕನಿಕರಪಡುವ ಲೋಕ, ಅವರು ಹೊಟ್ಟೆತುಂಬ ನಕ್ಕರೆ ಪೊಲೀಸರನ್ನು ಕಳಿಸುತ್ತದೆ. ಫಿಶ್ ಫ್ರೈ ಹಾಡಿನ ಕಥೆ ಅದೇ ಅಲ್ಲವೆ? ಹಾಗಾದರೆ ನಗುವೂ ದಕ್ಕಿಸಿಕೊಳ್ಳಬೇಕಾದ ವಸ್ತುವೇ. ನಮ್ಮ ಅಳುಕು ಅಲ್ಲಿಗೆ ಹೋಯಿತು.

ಮಾತು ಸಾಕು. ಬೆಂಚುಗಳನ್ನು ಗೋಡೆಗೆ ಸರಿಸಿ. ಈಗ 1949ರ ಆ ಹಾಡು ಹಾಕುತ್ತೇವೆ, ಎರಡೂ ಮಗ್ಗುಲು. ಇವತ್ತು ಅಡುಗೆ ಮಾಡಿದ ಅಣ್ಣನನ್ನೂ ಯಾರಾದರೂ ಹೋಗಿ ಕರೆದುಕೊಂಡು ಬನ್ನಿ.