ಉಪ್ಪರಿಗೆಯ ಕಟಾಂಜನವೂ ಪುಟ್ಟ ನಾಯಿಯೂ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ ಶಾಸನದ ಕಲ್ಲೊಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಿಮ್ಮಲ್ಲಿ ಕೆಲವರಾದರೂ ನೋಡಿರಬಹುದು. ಅದು ಕ್ರಿ.ಶ. 949-50ರ ಕಾಲದ್ದು. ತಕ್ಕೋಲದ ಕಾಳಗದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಗಂಗರ ಬೂತುಗನು ಮೆಚ್ಚಿ, ಇಷ್ಟವಾದುದನ್ನು ಕೇಳಲು ಹೇಳಿದಾಗ, ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು, ಪೂಜೆಗೆಂದು ಭೂಮಿಯೂ ದತ್ತಿಯಾಯಿತು. ನಾಯಿಯನ್ನು ಮನೆಯ ಮಗುವಿನಂತೆ ಕಾಣುವುದು ಈ ಕಾಲದವರ ಹೊಸ ಶೋಕಿ ಎಂದು ಮೂಗು ಮುರಿಯುವ ಹಿರಿಯರಿಗೆ ನಾನು ಈ ಶಾಸನದ ಕಥೆಯನ್ನು ಹೇಳುವುದುಂಟು.

ಆದರೆ ಕಾಳಿಗೆ ಓಡಲು ಕಾಡಿತ್ತು, ಗುಡ್ಡವಿತ್ತು. ಇಂದಿನ ಪಟ್ಟಣದ ನಾಯಿಗೆ ಇರುವುದು ಅಪಾರ್ಟ್‌ಮೆಂಟಿನ ನಾಲ್ಕು ಅಡಿ ಅಗಲದ ಬಾಲ್ಕನಿ. ಸಂಜೆಯ ಹೊತ್ತು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಸರಿ, ತಲೆಯೆತ್ತಿ ನೋಡುತ್ತ ನಡೆಯಿರಿ. ಮೂರನೆಯ ಅಂತಸ್ತಿನಲ್ಲೋ ಏಳನೆಯದರಲ್ಲೋ ಎರಡು ಕಂಬಿಗಳ ನಡುವೆ ಒಂದು ಪುಟ್ಟ ಮೂತಿ ಹೊರಕ್ಕೆ ಚಾಚಿಕೊಂಡಿರುತ್ತದೆ. ಮನೆಯವರು ಕಚೇರಿಯಿಂದ ಬರುವ ದಾರಿಯನ್ನು ಅದು ಕಾಯುತ್ತಿದೆ. ನೋಡುವುದಕ್ಕೆ ಚೆನ್ನ, ಆದರೆ ಆ ಮೂತಿಯ ಹಿಂದೆ ಭುಜವೂ, ಭುಜದ ಹಿಂದೆ ಮೈಯೂ ಬಂದರೆ ಗತಿಯೇನು ಎಂಬುದೇ ನಾನಿಂದು ಹೇಳಹೊರಟ ವಿಷಯ.

ಬಾಲ್ಕನಿಗೆ ನಮ್ಮಲ್ಲಿ ಹೆಸರಿಲ್ಲದೆ ಇಲ್ಲ. ಹಳೆಯ ನಿಘಂಟುಗಳನ್ನು ತೆಗೆದರೆ 'ಮತ್ತವಾರಣ' ಎಂಬ ಮಾತು ಸಿಕ್ಕುತ್ತದೆ. ಅದಕ್ಕೆ ಮದ್ದಾನೆ ಎಂಬುದು ಒಂದು ಅರ್ಥ, ಕೈಸಾಲೆ ಎಂಬುದು ಇನ್ನೊಂದು. ಮದ್ದಾನೆಗೂ ಕೈಸಾಲೆಗೂ ಏನು ನಂಟು ಎಂದು ಮಕ್ಕಳು ತರಗತಿಯಲ್ಲಿ ನಗುತ್ತಾರೆ, ನಗಲಿ. ಅಂಚಿನ ತಡೆಗೆ ಕಟಾಂಜನ ಎಂಬ ಸೊಗಸಾದ ಮಾತು ನಮ್ಮ ಅಜ್ಜಿಯರ ಬಾಯಲ್ಲಿತ್ತು. ಈ ಕಟಾಂಜನವನ್ನು ಕಟ್ಟುವಾಗ ಬಡಗಿಯೋ ಗಾರೆಯವನೋ ಇಂಜಿನಿಯರೋ ಮನಸ್ಸಿನಲ್ಲಿಟ್ಟುಕೊಂಡದ್ದು ಮನುಷ್ಯನನ್ನು. ನೆಲದಿಂದ ಸುಮಾರು ಒಂದು ಮೀಟರ್ ಎತ್ತರವಿದ್ದರೆ ನಿಂತವನು ಮುಗ್ಗರಿಸಿದರೂ ಆಚೆಗೆ ಬೀಳುವುದಿಲ್ಲ. ಕಂಬಿಗಳ ನಡುವಣ ತೆರಪಿನ ಲೆಕ್ಕವೂ ಮನುಷ್ಯನ ಮಗುವಿನದೇ. ಅಮೆರಿಕದ ಕಟ್ಟಡ ನಿಯಮಗಳಲ್ಲಿ 4 ಅಂಗುಲ ಅಡ್ಡಳತೆಯ ಗುಂಡು ಆ ತೆರಪಿನಲ್ಲಿ ತೂರಬಾರದೆಂದು ಹೇಳಿದೆ; ಮಗುವಿನ ತಲೆ ತೂರದಿರಲೆಂದು ಆ ಅಳತೆ. ಎರಡು ತಿಂಗಳ ಪಾಮೆರೇನಿಯನ್ ಮರಿಗೆ ನಾಲ್ಕು ಅಂಗುಲವೆಂದರೆ ಹೆಬ್ಬಾಗಿಲು. ಬೆಳೆದ ಚಿವಾವಾ ನಾಯಿಯೇ ಮೂರು ಕಿಲೋ ತೂಗುವುದಿಲ್ಲ. ಮೈತುಂಬ ಕೂದಲಿರುವ ನಾಯಿಗಳು ಕಣ್ಣಿಗೆ ದಪ್ಪ, ಸ್ನಾನ ಮಾಡಿಸಿದಾಗ ನೋಡಿ, ಒಳಗಿರುವುದು ಹಿಡಿಯಷ್ಟೇ.

'ನಾಯಿಗೆ ಅಷ್ಟು ತಿಳಿಯದೆ? ಆಳ ಕಂಡರೆ ಅದೇ ಹಿಂಜರಿಯುತ್ತದೆ' ಎನ್ನುವವರಿದ್ದಾರೆ. ಈ ಮಾತು ಅರ್ಧ ನಿಜ. ಗಿಬ್ಸನ್ ಮತ್ತು ವಾಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1960ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ದಪ್ಪ ಗಾಜನ್ನು ಹಾಸಿ, ಒಂದು ಭಾಗದಲ್ಲಿ ಗಾಜಿಗೆ ತಾಗಿದಂತೆ ಚೌಕುಳಿ ಬಟ್ಟೆಯನ್ನೂ ಇನ್ನೊಂದು ಭಾಗದಲ್ಲಿ ಬಹಳ ಕೆಳಗೆ ಅದೇ ಬಟ್ಟೆಯನ್ನೂ ಇಟ್ಟು, ಹರಿದಾಡುವ ಕೂಸುಗಳನ್ನೂ ಕೋಳಿ ಕುರಿ ಬೆಕ್ಕು ನಾಯಿಗಳ ಮರಿಗಳನ್ನೂ ಬಿಟ್ಟು ನೋಡಿದರು. ನೆಲದ ಪ್ರಾಣಿಗಳು ಸಾಮಾನ್ಯವಾಗಿ ಆಳ ಕಾಣುವ ಕಡೆಗೆ ಕಾಲಿಡಲಿಲ್ಲ. ಆದಕಾರಣ ನಾಯಿಗೆ ಆಳ ಕಾಣದೆಂದಲ್ಲ. ಕಂಡರೂ, ಎದುರಿಗೆ ಪಾರಿವಾಳ ಹಾರಿದಾಗ, ಕೆಳಗಿನಿಂದ ಯಜಮಾನನ ಸ್ಕೂಟರಿನ ಸದ್ದು ಕೇಳಿದಾಗ, ಆ ಎಚ್ಚರ ಒಂದು ಗಳಿಗೆ ಮರೆಯಾಗುತ್ತದೆ. ಆಟದ ಬಯಲಿನಲ್ಲಿ ಚೆಂಡಿನ ಹಿಂದೆ ರಸ್ತೆಗೆ ಓಡುವ ಹುಡುಗನಿಗೂ ಲಾರಿ ಕಾಣದೆಂದಲ್ಲವಷ್ಟೆ.

ಆ ಒಂದು ಗಳಿಗೆಯ ಬೆಲೆಯನ್ನು ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರು ಕರಿಹಲಗೆಯ ಮೇಲೆ ಲೆಕ್ಕ ಮಾಡಿ ತೋರಿಸಿದರು. ಮೂರನೆಯ ಅಂತಸ್ತಿನ ಬಾಲ್ಕನಿ ನೆಲದಿಂದ ಹತ್ತು ಮೀಟರ್ ಎನ್ನಿ. ಅಲ್ಲಿಂದ ಜಾರಿದ್ದು ನೆಲ ಮುಟ್ಟುವುದಕ್ಕೆ ಒಂದೂವರೆ ಸೆಕೆಂಡೂ ಬೇಡ. ಮುಟ್ಟುವಾಗಿನ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ನೀವು ಅಡಿಗೆಮನೆಯಿಂದ 'ಏನದು ಸದ್ದು' ಎಂದು ಕೇಳಿ ಮುಗಿಸುವಷ್ಟರಲ್ಲಿ ಎಲ್ಲವೂ ಆಗಿಹೋಗಿರುತ್ತದೆ.

ಬೆಕ್ಕು ಬಿದ್ದರೆ ನಾಲ್ಕು ಕಾಲಿನ ಮೇಲೆ ಬೀಳುತ್ತದೆಂಬುದನ್ನು ಎಲ್ಲರೂ ಬಲ್ಲೆವು. 1894ರಲ್ಲಿ ಫ್ರಾನ್ಸಿನ ಮರೇ ಎಂಬ ವಿಜ್ಞಾನಿ ಬೀಳುವ ಬೆಕ್ಕಿನ ಚಿತ್ರಗಳನ್ನು ಸಾಲುಸಾಲಾಗಿ ತೆಗೆದು, ಅದು ಗಾಳಿಯಲ್ಲೇ ಮೈ ತಿರುಚಿಕೊಳ್ಳುವ ಬಗೆಯನ್ನು ತೋರಿಸಿದನು. ಆ ಚಮತ್ಕಾರ ನಾಯಿಗೆ ಬೆಕ್ಕಿನಷ್ಟು ಒಲಿದಿಲ್ಲ. ಮಹಡಿಯಿಂದ ಬಿದ್ದ 81 ನಾಯಿಗಳ ವೃತ್ತಾಂತವನ್ನು ಅಮೆರಿಕದ ಪಶುವೈದ್ಯರು 1993ರಲ್ಲಿ ಪ್ರಕಟಿಸಿದ್ದಾರೆ. ಮುಖ, ಎದೆ, ಕೈಕಾಲು ಇವುಗಳಿಗೆ ಬಿದ್ದ ಪೆಟ್ಟುಗಳೇ ಅದರಲ್ಲಿ ಹೆಚ್ಚು. ಅವು ಆಸ್ಪತ್ರೆಯ ತನಕ ಬಂದ ನಾಯಿಗಳು ಎಂಬುದನ್ನು ನೆನಪಿಡಬೇಕು. ಬಾರದವುಗಳ ಲೆಕ್ಕ ಯಾವ ಆಸ್ಪತ್ರೆಯ ಪುಸ್ತಕದಲ್ಲಿ ಸಿಕ್ಕೀತು?

ಇನ್ನು ಮಾಡಬೇಕಾದ್ದೇನು ಎಂಬುದಕ್ಕೆ ಬರೋಣ. ಮೊದಲು ಒಂದು ಅಳತೆಪಟ್ಟಿ ಹಿಡಿದು ಬಾಲ್ಕನಿಯಲ್ಲಿ ಮಂಡಿಯೂರಿ ಕುಳಿತುಕೊಳ್ಳಿ. ನಿಂತು ನೋಡಿದರೆ ನಿಮಗೆ ಕಾಣುವುದು ಬೇರೆ, ನಾಯಿಯ ಎತ್ತರದಿಂದ ಕಾಣುವುದು ಬೇರೆ. ಕಂಬಿ ಕಂಬಿಗಳ ನಡುವೆ, ಗಾಜಿನ ಹಲಗೆ ಮತ್ತು ನೆಲದ ನಡುವೆ, ಗೋಡೆ ಮತ್ತು ಕಟಾಂಜನ ಕೂಡುವ ಮೂಲೆಯಲ್ಲಿ, ಮಳೆನೀರು ಹೋಗಲು ಬಿಟ್ಟ ಕಿಂಡಿಯಲ್ಲಿ ಎಷ್ಟೆಷ್ಟು ತೆರಪಿದೆ ನೋಡಿ. ನಾಯಿಯ ತಲೆ ತೂರುವ ಕಡೆ ಮೈಯೂ ತೂರುವುದೆಂದೇ ಲೆಕ್ಕ ಹಾಕಬೇಕು. ತಲೆ ತೂರಿ ಮೈ ತೂರದಿದ್ದರೆ ಅದೂ ಕ್ಷೇಮವಲ್ಲ. ಸಿಕ್ಕಿಕೊಂಡ ಕುತ್ತಿಗೆಯನ್ನು ಬಿಡಿಸಲು ಅದು ಹೆಣಗಾಡುವುದನ್ನು ನೋಡಲಾಗದು.

ಪಾರಿವಾಳಕ್ಕೆಂದು ಕಟ್ಟುವ ನೈಲಾನ್ ಬಲೆ ಈಗ ಮನೆಮನೆಯಲ್ಲೂ ಇದೆ. ಬಲೆಯಿದೆಯಲ್ಲ ಎಂದು ನಿಶ್ಚಿಂತರಾಗಬೇಡಿ. ಆ ಬಲೆ ಹಕ್ಕಿಯನ್ನು ತಡೆಯುವುದಕ್ಕೆ ಕಟ್ಟಿದ್ದು, ಓಡಿಬಂದು ಅಪ್ಪಳಿಸುವ ಐದು ಕಿಲೋ ನಾಯಿಯನ್ನು ತಡೆಯುವುದಕ್ಕಲ್ಲ. ಬಿಸಿಲಿಗೆ ನೈಲಾನ್ ಬಡವಾಗುತ್ತದೆ, ಹಲ್ಲಿಗೆ ಸಿಕ್ಕಿದರೆ ಇನ್ನೂ ಬಡವಾಗುತ್ತದೆ. ಕೊಕ್ಕೆಗಳನ್ನು ವರ್ಷಕ್ಕೆರಡು ಬಾರಿಯಾದರೂ ಕೈಯಿಂದ ಜಗ್ಗಿ ನೋಡಿ. ಕೆಳಗಿನ ಎರಡು ಮೂರು ಅಡಿಗೆ, ಕಂಬಿಗಳ ಒಳಮೈಗೆ, ಒತ್ತಾದ ತಂತಿಜಾಲರಿಯನ್ನೋ ಗಟ್ಟಿ ಪ್ಲಾಸ್ಟಿಕ್ ಹಲಗೆಯನ್ನೋ ಬಿಗಿದರೆ ಆಯಿತು. ಒಳಗಿನಿಂದ ಬಿಗಿಯುವುದರಿಂದ ಕಟ್ಟಡದ ಹೊರ ಅಂದ ಕೆಟ್ಟಿತೆಂದು ಅಪಾರ್ಟ್‌ಮೆಂಟಿನ ಸಂಘದವರು ಜಗಳಕ್ಕೆ ಬರುವುದೂ ಕಡಿಮೆ, ಬಾಡಿಗೆಯ ಮನೆಯಾದರೆ ಬಿಚ್ಚಿಕೊಂಡು ಹೋಗುವುದೂ ಸುಲಭ. ಕೆಲವರು ಭಯಕ್ಕೆ ಇಡೀ ಬಾಲ್ಕನಿಗೆ ಕಬ್ಬಿಣದ ಗ್ರಿಲ್ ಹಾಕಿ ಪಂಜರ ಮಾಡುತ್ತಾರೆ. ಹಾಗೆ ಮಾಡುವುದಾದರೆ ಒಳಗಿನಿಂದ ತೆರೆಯುವ ಒಂದು ಬಾಗಿಲನ್ನು ಅದರಲ್ಲಿ ಇಡಿಸಿ; ಬೆಂಕಿಯ ದಿನ ನಾಯಿಗೂ ನಿಮಗೂ ದಾರಿ ಬೇಕು.

ತೆರಪು ಮುಚ್ಚಿದ ಮೇಲೂ ಏಣಿಗಳನ್ನು ನಾವೇ ಇಟ್ಟಿರುತ್ತೇವೆ. ಬಿದಿರಿನ ಮೋಡ, ಹೂಕುಂಡದ ಮೆಟ್ಟಿಲು, ಹಳೆಯ ಪತ್ರಿಕೆಯ ಕಟ್ಟು, ಬಟ್ಟೆ ಒಗೆಯುವ ಯಂತ್ರ, ಎಲ್ಲವೂ ಕಟಾಂಜನಕ್ಕೆ ಒತ್ತಿಕೊಂಡೇ ಇರುತ್ತವೆ. ಕುಂಡದಿಂದ ಸ್ಟೂಲಿಗೆ, ಸ್ಟೂಲಿನಿಂದ ಕಂಬಿಯ ಮೇಲಕ್ಕೆ ನಾಯಿಗೆ ಎರಡು ಹೆಜ್ಜೆ. ಅಂಚಿನಿಂದ ಎರಡು ಮೂರು ಅಡಿ ಈಚೆಗೆ ಇವನ್ನೆಲ್ಲ ಸರಿಸಬೇಕು. ಕಂಬಿಗಳು ಅಡ್ಡಡ್ಡಲಾಗಿದ್ದರಂತೂ ಕಟಾಂಜನವೇ ಏಣಿ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದನ್ನು ಹೇಳುತ್ತೇನೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಗಂಡನೊಡನೆ ನಾಲ್ಕನೆಯ ಅಂತಸ್ತಿನಲ್ಲಿದ್ದಾಳೆ. ಇಬ್ಬರಿಗೂ ನೌಕರಿ. ನಾಯಿ ಆಚೆಗೆ ಬಿದ್ದೀತೆಂಬ ಕಾಳಜಿಯಿಂದ, ಕೊರಳಪಟ್ಟಿಗೆ ಉದ್ದನೆಯ ಹಗ್ಗ ಹಾಕಿ ಕಿಟಕಿಯ ಸರಳಿಗೆ ಕಟ್ಟಿ ಹೋಗುವುದು ಅವರ ರೂಢಿ. ಒಂದು ಶನಿವಾರ ಅವಳಿಗೆ ಅರ್ಧ ದಿನದ ರಜೆ. ಮನೆಗೆ ಬಂದು ಚಪ್ಪಲಿ ಬಿಡುತ್ತಿದ್ದಾಳೆ, ಕೆಳಗಿನಿಂದ ಕಾವಲುಗಾರನ ಕೂಗು: 'ಅಕ್ಕಾ, ನಾಯಿ ನೇತಾಡ್ತಾ ಇದೆ ಅಕ್ಕಾ!' ಕಂಬಿಯ ಮೇಲಿಂದ ಹಾರಿದ ನಾಯಿ ಹಗ್ಗದ ತುದಿಯಲ್ಲಿ ತೂಗುತ್ತಿತ್ತು. ಅವಳು ಮೇಲಿನಿಂದ ಹಗ್ಗ ಎಳೆಯಲಿಲ್ಲ. ಕೆಳಗಿನ ಮನೆಯ ಬಾಗಿಲು ತಟ್ಟಿ ಓಡಿದಳು. ಆ ಮನೆಯ ಮುದುಕಿ ಆಗಲೇ ತನ್ನ ಬಾಲ್ಕನಿಯಿಂದ ಎರಡು ಕೈ ಚಾಚಿ ನಾಯಿಯ ಹಿಂಗಾಲುಗಳನ್ನು ಹಿಡಿದೆತ್ತಿಕೊಂಡು ನಿಂತಿದ್ದರಂತೆ. ಉಳಿಯಿತು. 'ಮೇಷ್ಟ್ರೇ, ನಾನು ಕಟ್ಟಿದ್ದು ಅದು ಸಾಯಬಾರದು ಅಂತ' ಎಂದು ಅವಳು ಅತ್ತದ್ದು ಈಗಲೂ ನನ್ನ ಕಿವಿಯಲ್ಲಿದೆ. ಕಟಾಂಜನವನ್ನು ದಾಟುವಷ್ಟು ಉದ್ದವಿರುವ ಯಾವ ಹಗ್ಗವೂ ರಕ್ಷೆಯಲ್ಲ, ಅದು ಉರುಳು. ಕಟ್ಟಿಹಾಕಿ ಹೋಗುವುದಕ್ಕಿಂತ ಬಾಲ್ಕನಿಯ ಬಾಗಿಲನ್ನು ಮುಚ್ಚಿ, ನಾಯಿಯನ್ನು ಒಳಗೆ ಬಿಟ್ಟು ಹೋಗುವುದು ಎಷ್ಟೋ ಮೇಲು.

ಕಾನೂನಿನಲ್ಲೂ ಇದರ ಮಾತು ಇದೆ. ರುಕ್ಮಿಣೀದೇವಿ ಅರುಂಡೇಲರು ರಾಜ್ಯಸಭೆಯಲ್ಲಿ ಎತ್ತಿದ ದನಿಯ ಫಲವಾಗಿ ಬಂದ 1960ರ ಪ್ರಾಣಿಹಿಂಸಾ ನಿವಾರಣಾ ಅಧಿನಿಯಮದ 11ನೆಯ ಪ್ರಕರಣದಲ್ಲಿ, ತೀರ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಅತಿಯಾದ ಹೊತ್ತು ಪ್ರಾಣಿಯನ್ನು ಕಟ್ಟಿಡುವುದೂ, ಸದಾ ಕಟ್ಟಿಟ್ಟ ಅಥವಾ ಕೂಡಿಟ್ಟ ನಾಯಿಗೆ ತಕ್ಕಷ್ಟು ಓಡಾಟ ಕೊಡದಿರುವುದೂ ಅಪರಾಧಗಳ ಸಾಲಿನಲ್ಲಿವೆ. ಬಾಲ್ಕನಿಯನ್ನೇ ನಾಯಿಯ ಮನೆಯಾಗಿ ಮಾಡಿರುವವರು ಇದನ್ನು ಒಮ್ಮೆ ಓದಿಕೊಳ್ಳಬೇಕು. ಬೆಳಿಗ್ಗೆ ಸಂಜೆ ಕೆಳಗೆ ಕರೆದೊಯ್ದು ನಡೆಸಿದ ನಾಯಿಗೆ ಕಂಬಿಯ ಆಚೆಗೆ ಹಾರುವ ಆತುರವೂ ಕಡಿಮೆ. ಕೆಳಗಿನ ಮನೆಯವರ ಒಣಹಾಕಿದ ಬಟ್ಟೆಯ ಮೇಲೆ ಉಚ್ಚೆ ಸುರಿಯಿತೆಂಬ ಜಗಳವೂ ತಪ್ಪುತ್ತದೆ.

ಬೀಳುವುದೊಂದೇ ಭಯವಲ್ಲ, ಬಿಸಿಲೂ ಇದೆ. ನಮ್ಮ ಬೆಂಗಳೂರು ತಂಪಿನ ಊರೆಂಬ ಹೆಮ್ಮೆಯನ್ನು ಸ್ವಲ್ಪ ಬದಿಗಿಡಬೇಕಾಗಿದೆ; 2016ರ ಏಪ್ರಿಲಿನಲ್ಲಿ ಇಲ್ಲಿಯೇ 39.2 ಡಿಗ್ರಿ ಸೆಲ್ಸಿಯಸ್ ತಾಪ ದಾಖಲಾಯಿತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ನಾಲಗೆ ಚಾಚಿ ಏದುವುದೇ ಅದರ ಬೀಸಣಿಗೆ. ಪಗ್, ಶಿಹ್ ಟ್ಜು ಮುಂತಾದ ಚಪ್ಪಟೆ ಮೂತಿಯ ನಾಯಿಗಳಲ್ಲಿ ಆ ಬೀಸಣಿಗೆಯೂ ಅರೆಬರೆ. ಪಶ್ಚಿಮಕ್ಕೆ ತೆರೆದ ಬಾಲ್ಕನಿಯ ಕಲ್ಲುಹಾಸು ಮಧ್ಯಾಹ್ನ ಮೂರಕ್ಕೆ ಕಾದ ಹೆಂಚಾಗಿರುತ್ತದೆ. ನಿಮ್ಮ ಅಂಗೈಯ ಹಿಂಬದಿಯನ್ನು ನೆಲಕ್ಕೊತ್ತಿ ಏಳೆಂಟು ಎಣಿಸಿ. ತಾಳಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಆರೋಗ್ಯವಂತ ನಾಯಿಯ ಮೈಶಾಖ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 105ಕ್ಕೇರಿದರೆ ಪ್ರಾಣಕ್ಕೆ ಸಂಚಕಾರ. ವಿಪರೀತ ಏದುಸಿರು, ಜೊಲ್ಲು, ತೂರಾಟ ಕಂಡರೆ ಕೂಡಲೆ ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಪಂಖ ಹಾಕಿ, ವೈದ್ಯರಲ್ಲಿಗೆ ಹೊರಡಬೇಕು. ಬಾಗಿಲು ಗಾಳಿಗೆ ತಾನೇ ಮುಚ್ಚಿಕೊಂಡು ನಾಯಿ ಹೊರಗೆ ಉಳಿಯುವುದುಂಟು. ಬಾಗಿಲಿಗೆ ಒಂದು ಮರದ ಬೆಣೆ ಇಟ್ಟಿರಿ.

ಕುಂಡದ ಗಿಡಗಳಲ್ಲಿ ಕಣಗಿಲೆಯನ್ನು ಮಾತ್ರ ಖಂಡಿತ ಇಡಬೇಡಿ. ದೇವರಿಗೆ ಹೂವಾದರೂ ಎಲೆ ಅಗಿದ ನಾಯಿಯ ಹೃದಯಕ್ಕೆ ವಿಷ. ಹದ್ದು ಎತ್ತಿಕೊಂಡು ಹೋದೀತೆಂದು ಕೆಲವರು ಅಂಜುತ್ತಾರೆ. ಹದ್ದಿನ ತೂಕವೇ ಸುಮಾರು ಒಂದು ಕಿಲೋ; ಬೆಳೆದ ನಾಯಿಯನ್ನು ಅದೆಲ್ಲಿ ಎತ್ತೀತು? ಕೋತಿಗಳಿಗೆ ಅಂಜುವುದು ಮಾತ್ರ ನ್ಯಾಯ.

ದೀಪಾವಳಿಯ ಮೂರು ದಿನ ಬಾಲ್ಕನಿಯ ಬಾಗಿಲನ್ನು ತೆರೆಯಲೇಬೇಡಿ. ಕಿವಿಯ ಬಳಿ ಪಟಾಕಿ ಸಿಡಿದಾಗ ನಾಯಿಗೆ ಕಾಣುವುದು ಒಂದೇ, ಸದ್ದಿಲ್ಲದ ಕಡೆಗೆ ಓಡುವುದು. ಆ ಕಡೆ ಕಟಾಂಜನವಿದೆಯೋ ಆಕಾಶವಿದೆಯೋ ಎಂಬ ವಿವೇಕ ಆಗ ಇರುವುದಿಲ್ಲ. ಒಳಕೋಣೆಯಲ್ಲಿ, ಕಿಟಕಿ ಮುಚ್ಚಿ, ಬಾನುಲಿಯನ್ನು ಸಣ್ಣಗೆ ಹಾಕಿ, ಯಾರಾದರೂ ಒಬ್ಬರು ಜತೆಗಿರಿ.

ಇಷ್ಟೆಲ್ಲ ಮಾಡಿಯೂ ಬಿದ್ದರೆ, ಎದ್ದು ನಡೆಯಿತೆಂದು ಸಮಾಧಾನಪಡಬೇಡಿ. ಎದೆಯೊಳಗೆ ಹೊಟ್ಟೆಯೊಳಗೆ ಆದ ಪೆಟ್ಟು ಕೆಲವು ಗಂಟೆಗಳ ಮೇಲೆ ತಲೆದೋರಬಹುದು. ಕಂಕುಳಿಗೆ ಕೈಹಾಕಿ ಎತ್ತದೆ, ಒಂದು ಹಲಗೆಯ ಮೇಲೋ ಬಿಗಿಯಾಗಿ ಹಿಡಿದ ಜಮಖಾನದ ಮೇಲೋ ಮೆಲ್ಲಗೆ ಸರಿಸಿ ಒಯ್ಯಿರಿ. ನೋವಿನಲ್ಲಿ ಸಾಕಿದವರನ್ನೂ ಕಚ್ಚುತ್ತದೆ, ಅದಕ್ಕೆ ಬೇಸರಿಸಬಾರದು; ಏದುತ್ತಿದ್ದರೆ ಬಾಯಿ ಕಟ್ಟಲೂ ಬಾರದು. ನೀರು, ಹಾಲು ಏನನ್ನೂ ಕುಡಿಸಬೇಡಿ, ನಾವು ನುಂಗುವ ನೋವಿನ ಮಾತ್ರೆಯನ್ನಂತೂ ಕೊಡಲೇಬೇಡಿ. ಬೆಂಗಳೂರಿನವರಿಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಹತ್ತಿರದಲ್ಲಿ ಖಾಸಗಿ ವೈದ್ಯರೂ ಇರಬಹುದು. ಅವರಲ್ಲಿ ರಾತ್ರಿ ಬಾಗಿಲು ತೆರೆಯುವವರು ಯಾರೆಂಬುದನ್ನು ಇಂದೇ ವಿಚಾರಿಸಿ, ಅವರ ದೂರವಾಣಿ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಬಾಲ್ಕನಿಯ ಬಾಗಿಲಿನ ಒಳಮೈಗೆ ಅಂಟಿಸಿಡಿ.