ದೇವಾಲಯದ ಪ್ರಕಟಣೆಯೂ ವಿಚಾರಣೆಯ ಧರ್ಮವೂ

(ಶತಮಾನೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಒಂದು ದೇವಾಲಯದ ನೂರು ವರ್ಷಗಳ ಚರಿತ್ರೆಯನ್ನು ಹೇಳುವಾಗ ಅಸ್ತಿವಾರದ ಕಲ್ಲನ್ನೂ, ಗಂಟೆಗೋಪುರವನ್ನೂ, ಸೇವೆ ಸಲ್ಲಿಸಿದ ಗುರುಗಳನ್ನೂ ನೆನೆಯುವುದು ವಾಡಿಕೆ. ಅದು ಯೋಗ್ಯವೂ ಹೌದು. ಆದರೆ ದೇವಾಲಯಗಳ ಬಾಗಿಲು ಮುಚ್ಚಿದ್ದ ದಿನಗಳೂ ಚರಿತ್ರೆಯ ಭಾಗವೇ. 2020 ಮತ್ತು 2021ನೆಯ ಇಸವಿಗಳ ಕೋವಿಡ್ ಕಾಲದಲ್ಲಿ, ಚಳ್ಳಕೆರೆ ಮೊಳಕಾಲ್ಮೂರು ಸೀಮೆಯಂತಹ ಕಡೆಗಳಲ್ಲಿ, ಕ್ರೈಸ್ತ ಸಭೆಯು ಸಭೆಯಾಗಿ ಉಳಿಯಲು ಏನು ಬೇಕಾಯಿತು ಎಂಬ ಒಂದೇ ವಿಷಯವನ್ನು ಇಂದು ತಮ್ಮ ಮುಂದಿಡಬಯಸುತ್ತೇನೆ. ಅದಕ್ಕೆ ಬೇಕಾದುದು ನಾವು ಅಲ್ಪವೆಂದೆಣಿಸಿದ್ದ ಒಂದು ಕಾರ್ಯ: ಬಲಿಪೂಜೆಯ ಕೊನೆಯಲ್ಲಿ ಓದುವ ಪ್ರಕಟಣೆ.

ಪ್ರಕಟಣೆಯೆಂದರೆ ಏನೆಂಬುದನ್ನು ತಾವೆಲ್ಲರೂ ಬಲ್ಲಿರಿ. ಮುಂದಿನ ವಾರದ ಪೂಜಾ ಸಮಯ, ಮದುವೆಯಾಗಲಿರುವವರ ಹೆಸರು, ಧರ್ಮೋಪದೇಶದ ತರಗತಿ, ಹಬ್ಬದ ವಂತಿಗೆ, ತೀರಿಕೊಂಡವರಿಗಾಗಿ ಪ್ರಾರ್ಥನೆ. ಅದನ್ನು ಓದುವ ಹೊತ್ತಿಗೆ ನಮ್ಮಲ್ಲಿ ಅರ್ಧ ಜನರ ಕಣ್ಣು ಬಾಗಿಲಿನ ಕಡೆಗೆ ಹೊರಳಿರುತ್ತದೆ. ಎದುರಿಗೆ ಜನರಿರುವಾಗ ಪ್ರಕಟಣೆ ಒಂದು ಉಪಚಾರದಂತೆ ಕಾಣುವುದು ಸಹಜ. ಜನರೇ ಎದುರಿಗಿಲ್ಲದಾಗ ಅದರ ನಿಜವಾದ ಬೆಲೆ ತಿಳಿಯಿತು.

ನಮ್ಮ ಸೀಮೆಯ ಸ್ವರೂಪವನ್ನು ಸ್ವಲ್ಪ ಆಲೋಚಿಸಿರಿ. ಮಳೆ ಕಡಿಮೆ, ಊರುಗಳ ನಡುವೆ ದೂರ ಹೆಚ್ಚು. ಚಳ್ಳಕೆರೆಯು ಶೇಂಗಾ ಮತ್ತು ಎಣ್ಣೆಗಿರಣಿಗಳಿಗೂ ಕಂಬಳಿಗೂ ಹೆಸರಾದುದು. ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದುದು. ಮೊಳಕಾಲ್ಮೂರಿನ ಒಂದು ಕಡೆ ಬಳ್ಳಾರಿ, ಇನ್ನೊಂದು ಕಡೆ ಆಂಧ್ರದ ರಾಯದುರ್ಗ. ಹೆಣ್ಣು ಕೊಟ್ಟು ತಂದ ಬಾಂಧವ್ಯಗಳು ಗಡಿಯ ಎರಡು ಕಡೆಯೂ ಉಂಟು. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಚಿತ್ರದುರ್ಗ ಜಿಲ್ಲೆಯು ಸೇರಿದೆ. ಇಲ್ಲಿ ಕಥೋಲಿಕ ಕುಟುಂಬಗಳು ವಿರಳ. ಮಂಗಳೂರಿನಂತೆ ಕೂಗಿದರೆ ಓಗೊಡುವಷ್ಟು ಹತ್ತಿರದಲ್ಲಿ ಇನ್ನೊಂದು ಕ್ರೈಸ್ತ ಮನೆ ಇರುವುದು ಅಪರೂಪ. ಇಂತಹವರಿಗೆ ಭಾನುವಾರದ ಪೂಜೆಯು ಆರಾಧನೆಯೊಂದೇ ಅಲ್ಲ, ವಾರಕ್ಕೊಮ್ಮೆ ಪರಸ್ಪರರ ಕ್ಷೇಮವನ್ನು ತಿಳಿಯುವ ಏಕಮಾತ್ರ ಅವಕಾಶ.

ಆ ಅವಕಾಶವು 2020ರ ಮಾರ್ಚ್ ತಿಂಗಳಲ್ಲಿ ನಿಂತುಹೋಯಿತು. ಮಾರ್ಚ್ 22ರಂದು ಜನತಾ ಕರ್ಫ್ಯೂ. 25ರಿಂದ ದೇಶವ್ಯಾಪಿ ಲಾಕ್‌ಡೌನ್. ಅದೇ 25ರಂದು ರೋಮಿನಿಂದ ಹೊರಟ ಆದೇಶವು, ರೋಗದ ನಿರ್ಬಂಧವಿರುವ ದೇಶಗಳಲ್ಲಿ ಪವಿತ್ರ ವಾರದ ವಿಧಿಗಳನ್ನು ಜನರ ಉಪಸ್ಥಿತಿಯಿಲ್ಲದೆ ನೆರವೇರಿಸಬೇಕೆಂದೂ, ಗುರುವಾರದ ಪಾದತೊಳೆಯುವ ವಿಧಿಯನ್ನು ಬಿಡಬೇಕೆಂದೂ ತಿಳಿಸಿತು. ಮಾರ್ಚ್ 27ರ ಸಂಜೆ ಜಗದ್ಗುರು ಫ್ರಾನ್ಸಿಸರು ಸಂತ ಪೇತ್ರರ ಬರಿದಾದ ಚೌಕದಲ್ಲಿ, ಮಳೆಯಲ್ಲಿ, ಲೋಕಕ್ಕಾಗಿ ಪ್ರಾರ್ಥಿಸಿದರು. 1522ರ ಪ್ಲೇಗಿನ ಕಾಲದಲ್ಲಿ ರೋಮ್ ನಗರದ ಬೀದಿಗಳಲ್ಲಿ ಹೊತ್ತು ನಡೆದಿದ್ದ ಸಂತ ಮಾರ್ಚೆಲ್ಲೊ ದೇವಾಲಯದ ಶಿಲುಬೆಯನ್ನು ಅಂದು ಅಲ್ಲಿ ನಿಲ್ಲಿಸಲಾಗಿತ್ತು. ಏಪ್ರಿಲ್ 5ರ ಗರಿಗಳ ಭಾನುವಾರ, 10ರ ಶುಭ ಶುಕ್ರವಾರ, 12ರ ಪುನರುತ್ಥಾನದ ಹಬ್ಬ, ಎಲ್ಲವೂ ಮನೆಯೊಳಗೇ ಕಳೆದುವು. ಜೂನ್ 8ರಿಂದ ಆರಾಧನಾ ಸ್ಥಳಗಳನ್ನು ತೆರೆಯಲು ಅನುಮತಿ ದೊರೆಯಿತಾದರೂ 2021ರ ಏಪ್ರಿಲಿನಲ್ಲಿ ಎರಡನೆಯ ಅಲೆ ಬಂದು ರಾಜ್ಯದಲ್ಲಿ ಪುನಃ ಬಾಗಿಲು ಮುಚ್ಚಿ, ಜುಲೈ 5ರವರೆಗೂ ಹಾಗೆಯೇ ಉಳಿಯಿತು. ಈ ಕಷ್ಟ ನಮ್ಮೊಬ್ಬರದಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರಿಗೂ, ಗೌರಸಮುದ್ರದ ಮಾರಮ್ಮನ ಭಕ್ತರಿಗೂ, ಮಸೀದಿಗೆ ಹೋಗುವವರಿಗೂ ನಿರ್ಬಂಧ ಒಂದೇ ಆಗಿದ್ದಿತು.

ಆಗ ಜನರನ್ನು ಮುಟ್ಟಬೇಕಾಗಿದ್ದ ವಾರ್ತೆಗಳು ಕೇವಲ ಪೂಜಾ ಸಮಯದವಲ್ಲ. ಏಪ್ರಿಲಿನಿಂದ ಪಡಿತರ ಚೀಟಿಯ ಪ್ರತಿಯೊಬ್ಬ ಸದಸ್ಯನಿಗೆ ತಿಂಗಳಿಗೆ 5 ಕಿಲೋ ಧಾನ್ಯ ಉಚಿತವೆಂಬುದು ಒಂದು ವಾರ್ತೆ. ಮೇ ತಿಂಗಳಲ್ಲಿ ರಾಜ್ಯ ಸರ್ಕಾರವು ಕೈಮಗ್ಗದ ನೇಕಾರರಿಗೆ 2,000 ರೂಪಾಯಿ, ಅಗಸರಿಗೂ ಕ್ಷೌರಿಕರಿಗೂ 5,000 ರೂಪಾಯಿ ಎಂದು ಸಾರಿದ್ದು ಇನ್ನೊಂದು. ಮದುವೆಗಳು ನಿಂತು ಸೀರೆ ಮಾರದೆ ಕುಳಿತ ಮೊಳಕಾಲ್ಮೂರಿನ ಮಗ್ಗದವರಿಗೆ ಆ ಹಣ ಸಣ್ಣದಲ್ಲ. 2021ರ ಮಾರ್ಚ್ 1ರಿಂದ 60 ವರ್ಷ ದಾಟಿದವರಿಗೆ ಲಸಿಕೆಯೆಂಬುದು ಮತ್ತೊಂದು. ಇವೆಲ್ಲವೂ ಪತ್ರಿಕೆಯಲ್ಲಿ ಬಂದುವು, ಫೋನಿನಲ್ಲಿ ಬಂದುವು. ಆದರೆ ಅಕ್ಷರ ಬಾರದ ವೃದ್ಧೆಗೆ ಬಂದುವೆ? ಮಗನು ಬೆಂಗಳೂರಿನಲ್ಲಿ ಸಿಕ್ಕಿಕೊಂಡು, ಮನೆಯಲ್ಲಿ ಫೋನೇ ಇಲ್ಲದ ತಂದೆಗೆ ಬಂದುವೆ? ಹಿಂದೆ ಊರಿನಲ್ಲಿ ಡಂಗುರ ಸಾರುವವನು ಕೇರಿಕೇರಿಗೂ ಹೋಗುತ್ತಿದ್ದನು. ವಾಟ್ಸಾಪ್ ಎಂಬ ಹೊಸ ಡಂಗುರವು ಫೋನುಳ್ಳವರ ಕೇರಿಗೆ ಮಾತ್ರ ಹೋಗುತ್ತದೆ.

ಪ್ರಕಟಣೆಯಲ್ಲಿ ಎರಡು ವಿಧ. ಒಂದು ಕೇವಲ ಆಜ್ಞೆಯನ್ನು ತಿಳಿಸುವುದು. ಇನ್ನೊಂದು ಕ್ಷೇಮವನ್ನು ಕೇಳುವುದು. ಮುಂಬಯಿಯ ಪ್ಲೇಗಿನ ಕಾಲದಲ್ಲಿ, 1897ರಲ್ಲಿ, ಆಂಗ್ಲ ಸರ್ಕಾರವು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯು 2020ರಲ್ಲಿಯೂ ಪ್ರಯೋಗಕ್ಕೆ ಬಂದಿತು. ಆಜ್ಞೆಯೂ ಅವಶ್ಯಕವೇ. ಆದರೆ ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬಂಡೆಗಳ ಮೇಲೆ ಅದಕ್ಕಿಂತಲೂ ಬಹು ಹಳೆಯ ಒಂದು ಪ್ರಕಟಣೆ ಉಂಟು. ಬ್ರಹ್ಮಗಿರಿಯಲ್ಲಿಯೂ ಸಿದ್ದಾಪುರದಲ್ಲಿಯೂ ಜಟಿಂಗ ರಾಮೇಶ್ವರದಲ್ಲಿಯೂ ಇರುವ ಅಶೋಕ ಚಕ್ರವರ್ತಿಯ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸ್ ಅವರು ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಕಳುಹಿಸಿದ ಬ್ರಹ್ಮಗಿರಿಯ ಆ ಶಾಸನವು ಮೊದಲು ಅವರಿಗೆ ಆರೋಗ್ಯವನ್ನು ಹಾರೈಸುತ್ತದೆ. ಅನಂತರವೇ ರಾಜಾಜ್ಞೆಯನ್ನು ಹೇಳುತ್ತದೆ. ನಮ್ಮ ಪವಿತ್ರ ಗ್ರಂಥದಲ್ಲಿಯೂ ಸಂತ ಯೊವಾನ್ನರ ಮೂರನೆಯ ಪತ್ರವು ಗಾಯನೆಂಬ ಮಿತ್ರನ ದೇಹಾರೋಗ್ಯವನ್ನು ಹಾರೈಸಿಯೇ ಆರಂಭವಾಗುತ್ತದೆ. ಸಂತ ಪೌಲರು ಸೆರೆಯಲ್ಲಿದ್ದು, ತಾವು ಹೋಗಲಾರದ ಸಭೆಗಳಿಗೆ ಪತ್ರ ಬರೆದೇ ಅವುಗಳನ್ನು ಕಾಪಾಡಿದರು. ಆದಿ ಸಭೆಯನ್ನು ದೂರದಲ್ಲಿಯೂ ಒಂದಾಗಿಟ್ಟುದು ಇಂತಹ ವಾರ್ತೆಗಳೇ.

ನಮ್ಮ ಹಿರಿಯರು ಧರ್ಮಕೇಂದ್ರಕ್ಕೆ ಇಟ್ಟ ಹೆಸರಾದರೂ ಏನು? ವಿಚಾರಣೆ. ಅದರ ಪಾಲಕರು ವಿಚಾರಣಾ ಗುರುಗಳು. ವಿಚಾರಿಸಿಕೊಳ್ಳುವುದೇ ಅದರ ಧರ್ಮವೆಂದು ಆ ಹೆಸರೇ ಹೇಳುತ್ತದೆ. ಫೋನಿನಲ್ಲಿ, ದೂರದರ್ಶನದಲ್ಲಿ ಕಂಡ ಪೂಜೆಯು ಆ ದಿನಗಳಲ್ಲಿ ದೊಡ್ಡ ಸಮಾಧಾನ ನೀಡಿತು. ಆದರೆ ಅದು ದೇವಾಲಯದಲ್ಲಿ ಕೂಡಿ ಪಾಲ್ಗೊಳ್ಳುವುದಕ್ಕೆ ಸಮಾನವಲ್ಲವೆಂದು 2020ರ ಸೆಪ್ಟೆಂಬರಿನಲ್ಲಿ ರೋಮಿನಿಂದ ಬಂದ ಪತ್ರವು ಸ್ಪಷ್ಟಪಡಿಸಿತು. ಕಾರಣ ಸರಳವಾಗಿದೆ. ಪರದೆಯ ಮೇಲಿನ ಪೂಜೆಯನ್ನು ನಾವು ನೋಡುತ್ತೇವೆ. ಅದು ನಮ್ಮನ್ನು ನೋಡುವುದಿಲ್ಲ. ನಾವು ಕುಳಿತುಕೊಳ್ಳುವ ಜಾಗ ಬರಿದಾಗಿರುವುದನ್ನು ಅಲ್ಲಿ ಯಾರೂ ಕಾಣುವುದಿಲ್ಲ.

ಈಗ ಹೇಳಲು ಕಷ್ಟವಾದ ಒಂದು ಮಾತು. 2020ರಲ್ಲಿ ಅಂತ್ಯಕ್ರಿಯೆಗೆ 20 ಜನರ ಮಿತಿಯಿತ್ತು. 2021ರ ಏಪ್ರಿಲ್ ಕೊನೆಯಲ್ಲಿ ನಮ್ಮ ರಾಜ್ಯದಲ್ಲಿ ಅದು 5ಕ್ಕೆ ಇಳಿಯಿತು. ಹೆಗಲು ಕೊಡಲು ನಾಲ್ವರು, ಪ್ರಾರ್ಥಿಸಲು ಒಬ್ಬರು. ಗಡಿಯಾಚೆಯ ಅಣ್ಣತಮ್ಮಂದಿರು ಬರಲಾಗಲಿಲ್ಲ. ಮರಣದ ಗಂಟೆಯನ್ನು ಕೇಳಿ ಕೂಡುವ ಸಭೆಯೂ ಇರಲಿಲ್ಲ. ಆ ಅವಧಿಯಲ್ಲಿ ತೀರಿಕೊಂಡವರೆಲ್ಲರೂ ಕೋವಿಡ್‌ನಿಂದಲೇ ಹೋದವರಲ್ಲ. ವೃದ್ಧಾಪ್ಯದಿಂದ ಹೋದವರಿಗೂ ಅದೇ ಮಿತಿ ಅನ್ವಯಿಸಿತು. ಕೂಡಿದ ಜನರ ಮುಂದೆ ಓದಬೇಕಾಗಿದ್ದ ಅವರ ಹೆಸರುಗಳು ಓದಿಲ್ಲದೆ ಉಳಿದುವು. ಮನೆಯವರ ಮನಸ್ಸಿನಲ್ಲಿ ಆ ದುಃಖ ಇಂದಿಗೂ ಆರಿಲ್ಲ. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆಯು ತುರ್ತುಸ್ಥಿತಿ ಮುಗಿಯಿತೆಂದು ಸಾರಿತು. ಆ ಮನೆಗಳಲ್ಲಿ ಮಾತ್ರ ಅದು ಇನ್ನೂ ಮುಗಿದಿಲ್ಲ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ಮೂರು ಕಾರ್ಯಗಳನ್ನು ನಮ್ರತೆಯಿಂದ ಸೂಚಿಸುತ್ತೇನೆ. ಮೊದಲನೆಯದು, ಪ್ರತಿಯೊಂದು ಕುಟುಂಬದ ಪಟ್ಟಿಯನ್ನು ಹೊಸದಾಗಿ ಬರೆದು, ಫೋನಿಲ್ಲದವರು, ಒಂಟಿಯಾಗಿರುವವರು, ದೂರದ ಹಳ್ಳಿಯವರು ಯಾರೆಂದು ಗುರುತಿಸಿ, ಅಂತಹ ಒಂದೊಂದು ಮನೆಗೂ ಹತ್ತಿರದ ಒಬ್ಬ ಯುವಕನನ್ನೋ ಯುವತಿಯನ್ನೋ ವಾರ್ತೆ ಮುಟ್ಟಿಸಲು ನೇಮಿಸುವುದು. ನೆರೆಯವರು ಬೇರೆ ಧರ್ಮದವರಾದರೂ ಆ ವಾರ್ತೆಯನ್ನು ಅವರಿಗೂ ಹೇಳಿ ಬರುವುದು. ಎರಡನೆಯದು, ಬಾಗಿಲು ತೆರೆದ ಮೇಲೂ ಪೂಜೆಗೆ ಮರಳಿ ಬಾರದವರನ್ನು ದೂರದೆ, ಅವರ ಮನೆಗೆ ಹೋಗಿ ಕ್ಷೇಮವನ್ನು ಮಾತ್ರ ಕೇಳಿ ಬರುವುದು. ಮೂರನೆಯದು, ಬರುವ ನವೆಂಬರ್ 2ರಂದು, ಮೃತರೆಲ್ಲರ ಸ್ಮರಣೆಯ ದಿನ, 2020 ಮತ್ತು 2021ರಲ್ಲಿ ಸಭೆಯಿಲ್ಲದೆ ಮಣ್ಣಾದ ಪ್ರತಿಯೊಬ್ಬರ ಹೆಸರನ್ನೂ, ಒಂದನ್ನೂ ಬಿಡದೆ, ಪೂರ್ಣ ಸಭೆಯ ಮುಂದೆ ನಿಧಾನವಾಗಿ ಓದುವುದು.

ಇದಕ್ಕೆ ಹಣ ಬೇಕಿಲ್ಲ, ಕಟ್ಟಡ ಬೇಕಿಲ್ಲ. ಒಂದು ಕಾಗದ, ಓದಲು ಒಂದು ದನಿ, ಕೊನೆಯವರೆಗೂ ನಿಂತು ಕೇಳಲು ನಾವು ಸಾಕು.  ಪ್ರಭುವಿನ ಶಾಂತಿ ತಮ್ಮೆಲ್ಲರ ಮನೆಗಳಲ್ಲಿರಲಿ.